ಸಕ್ಕರೆಯ ಆರತಿ
ನವರಾತ್ರಿಯ ಬನ್ನಿಯೂ ದೀಪಾವಳಿಯ ಹಣತೆಯೂ ನಾಡಿಗೆಲ್ಲ ಸಾಮಾನ್ಯವಾದರೂ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಓಣಿಗಳಲ್ಲಿ ಶರದೃತುವು ತನ್ನ ಪೂರ್ಣಶೋಭೆಯನ್ನು ಕಾರ್ತಿಕದ ಗೌರೀ ಹುಣ್ಣಿಮೆಗೆಂದೇ ಕಾದಿರಿಸಿಕೊಂಡಿರುವುದೆಂದು ನನ್ನ ಮತ. ಕುದಿದ ಸಕ್ಕರೆಪಾಕವನ್ನು ಕಟ್ಟಿಗೆಯ ಅಚ್ಚುಗಳಿಗೆರೆದು, ಆರಿದ ಬಳಿಕ ಬಿಡಿಸಿದ ಆನೆ, ಒಂಟೆ, ನವಿಲು, ಗೋಪುರಗಳನ್ನು ತಟ್ಟೆಯಲ್ಲಿ ಜೋಡಿಸಿ, ನಡುವೆ ದೀಪವಿರಿಸಿ, ಇಳಕಲ್ಲ ಸೀರೆಯ ನೆರಿಗೆಗೆ ಕಾಲು ತೊಡರುತ್ತಿದ್ದರೂ ಲೆಕ್ಕಿಸದ ಬಾಲೆಯರು ಸಂಜೆ ಹಾಡುತ್ತ ಗೌರಿಯನ್ನು ಬೆಳಗಲು ಹೊರಡುವರು. ಮದುವೆ ನಿಶ್ಚಯವಾದ ಕನ್ಯೆಗಾದರೋ ಭಾವೀ ಅತ್ತೆಯ ಮನೆಯಿಂದಲೇ ಸೀರೆ, ಹೂವಿನ ದಂಡಿಗಳೊಡನೆ ಸಕ್ಕರೆಯಾರತಿ ಬರತಕ್ಕದ್ದು. ಅದರ ಗಾತ್ರವನ್ನು ಓಣಿಯ ಹಿರಿಯ ಹೆಂಗಸರು ಕಣ್ಣಿನಲ್ಲಿಯೇ ಅಳೆದುಬಿಡುವರೆಂಬುದು ಬೇರೆ ಮಾತು. ಗಂಡುಹುಡುಗರಿಗೆ ಆರತಿಯ ಅಧಿಕಾರವಿಲ್ಲ. ಆದರೆ ಮರುದಿನ ಆನೆಯ ಸೊಂಡಿಲನ್ನು ಮೊದಲು ಮುರಿದು ಬಾಯಿಗಿಡುವವರು ಅವರೇ.