‘ನಿರೀಕ್ಷಿತ ಫಲ’ ಒಂದೇ ಏಕೆ?

ಸ್ನಾತಕೋತ್ತರ ಪದವಿಯನ್ನು ಪಡೆದು ವಿಜ್ಞಾನ ಸಂಶೋಧನೆಗೆ ತೊಡಗಬಯಸುವ ವಿದ್ಯಾರ್ಥಿಯು ಮೊದಲು ಒಂದು ಪ್ರಸ್ತಾವವನ್ನು ಬರೆಯಬೇಕಾಗುತ್ತದೆ. ತಾನು ಅರಿಯಬಯಸುವುದೇನು, ಅದನ್ನು ಯಾವ ವಿಧಾನದಿಂದ, ಎಷ್ಟು ಕಾಲದಲ್ಲಿ ಅರಿಯಬಲ್ಲೆ ಎಂಬುದನ್ನು ಅದರಲ್ಲಿ ತಿಳಿಸಬೇಕು. ಇಂತಹ ಬರಹಗಳು ಅನೇಕವೇಳೆ ನ್ಯೂಟನ್ನನಿಂದ ಆರಂಭವಾಗಿ ರಾಷ್ಟ್ರದ ಅಭ್ಯುದಯದವರೆಗೆ ಹರಿಯುತ್ತವೆ. ಕೊನೆಗೆ ‘ನಿರೀಕ್ಷಿತ ಫಲ’ ಎಂಬ ಶೀರ್ಷಿಕೆಯಡಿ, ಪ್ರಯೋಗವು ಆಗಲೇ ಮುಗಿದಿದೆಯೋ ಎಂಬಂತೆ, ಒಂದೇ ಉತ್ತರವಿರುತ್ತದೆ. ಉತ್ತರವು ಮೊದಲೇ ಗೊತ್ತಿದ್ದರೆ ಪ್ರಯೋಗವೇತಕ್ಕೆ? ಅಲ್ಲಿ ಎರಡು ಉತ್ತರಗಳನ್ನು ಬರೆಯಿಸಬೇಕೆಂಬುದು ನನ್ನ ಅಭಿಪ್ರಾಯ: ಊಹೆಯು ಸರಿಯಾದರೆ ಕಾಣಬೇಕಾದುದೇನು, ತಪ್ಪಾದರೆ ಕಾಣಬೇಕಾದುದೇನು.

ಸಿ. ವಿ. ರಾಮನ್ನರು 1921ರಲ್ಲಿ ಇಂಗ್ಲೆಂಡಿನಿಂದ ಹಿಂದಿರುಗುವಾಗ ‘ನರ್ಕುಂಡಾ’ ಹಡಗಿನಲ್ಲಿ ಮಾಡಿದ ಪರೀಕ್ಷೆಯನ್ನು ನೋಡಿ. ಕಡಲಿನ ನೀಲವು ಆಕಾಶದ ಪ್ರತಿಫಲನ ಮಾತ್ರವೆಂದು ಲಾರ್ಡ್ ರೇಲೀಯವರು ಹೇಳಿದ್ದರು. ನೀರಿನ ಮೇಲ್ಮೈಗೆ ಎಳೆದ ಲಂಬದಿಂದ ಸುಮಾರು 53 ಡಿಗ್ರಿ ಕೋನದಲ್ಲಿ ಪ್ರತಿಫಲಿಸುವ ಬೆಳಕಿನ ಕಂಪನಗಳು ಒಂದೇ ದಿಕ್ಕಿನಲ್ಲಿರುತ್ತವೆ. ನಿಕಾಲ್ ಪಟ್ಟಕವೆಂಬ ಪುಟ್ಟ ಹರಳನ್ನು ತಕ್ಕಂತೆ ತಿರುಗಿಸಿದರೆ ಆ ಬೆಳಕನ್ನು ತಡೆಯಬಹುದು. ರೇಲೀಯವರ ಮಾತು ನಿಜವಾದರೆ ಆಗ ಕಡಲಿನ ನೀಲವು ಅಳಿಯಬೇಕು, ಅಲ್ಲವಾದರೆ ಉಳಿಯಬೇಕು. ನೀಲವು ಉಳಿಯಿತು. (ಇದಕ್ಕೆ ಅನುದಾನವೂ ಬೇಕಾಗಲಿಲ್ಲ!) ನೀರಿನ ಅಣುಗಳು ಬೆಳಕನ್ನು ಚದರಿಸುವುದೇ ಇದಕ್ಕೆ ಕಾರಣವೆಂದು ರಾಮನ್ನರು ವಾದಿಸಿದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಮುಖ್ಯ ಕಾರಣವೆಂದು ಇಂದು ತಿಳಿದಿದೆ. ವಿವರಣೆಗೆ ತಿದ್ದುಪಡಿ ಬಂದಿತು, ಪರೀಕ್ಷೆಗೆ ಬರಲಿಲ್ಲ. ಅದೇ ಜಾಡಿನಲ್ಲಿ ಮುಂದುವರಿದ ಕೆಲಸವು 1928ರಲ್ಲಿ ರಾಮನ್ ಪರಿಣಾಮದ ಶೋಧಕ್ಕೆ ಒಯ್ದಿತು.

ಎರಡು ಉತ್ತರಗಳನ್ನು ಬರೆದರೆ ಪರೀಕ್ಷಕರು ತನ್ನನ್ನು ಅಧೈರ್ಯಸ್ಥನೆಂದು ಎಣಿಸಿಯಾರೆಂಬ ಅಂಜಿಕೆ ವಿದ್ಯಾರ್ಥಿಗಿರುವುದು ಸಹಜ. ಆದರೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ನಿಯಮಗಳಂತೆ ಪಿಎಚ್.ಡಿ.ಯ ಅವಧಿಯು ಸಾಮಾನ್ಯವಾಗಿ 3ರಿಂದ 6 ವರ್ಷ. ಒಂದೇ ಉತ್ತರವನ್ನು ನಂಬಿ ಹೊರಟವನಿಗೆ ನಾಲ್ಕನೆಯ ವರ್ಷದಲ್ಲಿ ಅದು ಸುಳ್ಳೆಂದು ತೋರಿದರೆ ಗತಿಯೇನು? ಅಂಕಿಗಳನ್ನು ತಿದ್ದುವ ದುರ್ಬುದ್ಧಿಯು ಹುಟ್ಟುವುದು ಇಂತಹ ಇಕ್ಕಟ್ಟಿನಲ್ಲಿಯೇ. ಎರಡನ್ನೂ ಮೊದಲೇ ಯೋಚಿಸಿದವನಿಗೆ ‘ಅಲ್ಲ’ ಎಂಬ ಉತ್ತರವೂ ಪ್ರಬಂಧದ ಒಂದು ಅಧ್ಯಾಯವಾಗುತ್ತದೆ.

ಈ ಅಭ್ಯಾಸಕ್ಕೆ ಸ್ನಾತಕೋತ್ತರ ತರಗತಿಯವರೆಗೆ ಕಾಯಬೇಕಾಗಿಲ್ಲ. ಒಂದು ಮೀಟರ್ ಉದ್ದದ ಲೋಲಕವು ಸಣ್ಣ ಕೋನದಲ್ಲಿ 10 ಆಂದೋಲನಗಳಿಗೆ ಸುಮಾರು 20 ಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ. 60 ಡಿಗ್ರಿಯಿಂದ ಬಿಟ್ಟಾಗಲೂ ಅಷ್ಟೇ ಆಗುವುದೋ, ಒಂದು ಸೆಕೆಂಡಿಗೂ ಮೀರಿ ಹೆಚ್ಚಾಗುವುದೋ? ಯಾವ ಅಂಕಿಯು ಯಾವ ಊಹೆಯನ್ನು ಸುಳ್ಳಾಗಿಸುವುದೆಂಬುದನ್ನು, ದಾರವನ್ನು ಕಟ್ಟುವುದಕ್ಕೆ ಮುನ್ನವೇ ದಾಖಲೆ ಪುಸ್ತಕದಲ್ಲಿ ಬರೆದಿಡಿ.