ನೇರ ನುಡಿ ಹೆಣ್ಣುಮಕ್ಕಳಿಗೂ ಬೇಕು

ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯಾಧ್ಯಾಪಿಕೆಯಾದವರು ಒಂದು ಲೇಖನವನ್ನು ಕೊಡತಕ್ಕದ್ದೆಂಬುದು ರೂಢಿಯಾಗಿದೆ. ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ, ದಾನಿಗಳ ಉಪಕಾರ ಸ್ಮರಣೆ ಇವುಗಳಿಗೆ ಈ ಸಂಚಿಕೆಯಲ್ಲಿ ಬೇರೆ ಪುಟಗಳಿರುವದರಿಂದ, ನಾವು ಈ ಸಲ ಪಾಲಕರೊಡನೆಯೂ ಹಳೆಯ ವಿದ್ಯಾರ್ಥಿನಿಯರೊಡನೆಯೂ ಒಂದು ವಿಷಯವನ್ನು ಚರ್ಚಿಸಲು ಬಯಸುತ್ತೇವೆ. ವಿಷಯವು ಆಟದ್ದು, ಆದರೆ ಆಡುವದಕ್ಕಿಂತ ಹೆಚ್ಚಾಗಿ, ಆಟದ ವಿಷಯವಾಗಿ ಆಡುವ ಮಾತಿನದು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಗಳಿಂದ ಬರುವ ಪಾಲಕರಲ್ಲಿ ಮಗಳು ಆಟಕ್ಕೆ ಹೋಗಬಾರದೆಂದು ಹಟ ಹಿಡಿಯುವವರು ಈಗ ಕಡಿಮೆ. ಖೊಖೋ ಆಡಲಿ, ಕಬಡ್ಡಿ ಆಡಲಿ, ಬಹುಮಾನ ತಂದರೆ ಗೋಡೆಗೆ ತೂಗುಹಾಕೋಣವೆಂದು ಹೇಳುವವರೇ ಬಹಳ. ಆದರೆ ಅವರೇ ಒಂದು ದೂರನ್ನು ತರುವರು: "ಅಕ್ಕೋರ, ಹುಡುಗಿ ಆಟಕ್ಕ ಹೋಗಲಿ, ಬ್ಯಾಡ ಅನ್ನೂದಿಲ್ಲ, ಆದರ ಮಾತು ಬಾಳ ಕಲತಾಳ್ರಿ." ಏನು ಮಾತೆಂದು ಕೇಳಿದರೆ, ಪಂಚರು ಕೊಟ್ಟ ತೀರ್ಪು ತಪ್ಪೆಂದಳು, ಕಲಿಸುವವರು ಯಾವಾಗಲೂ ಅದೇ ಏಳು ಹುಡುಗಿಯರನ್ನೇ ಇಳಿಸುತ್ತಾರೆಂದಳು, ಗಂಡುಹುಡುಗರಿಗೆ ಬೂಟು ಬಂದವು, ನಮಗೆ ಬರಲಿಲ್ಲವೆಂದಳು. ಇವೇ ಆ ಮಾತುಗಳು. ಇವುಗಳಲ್ಲಿ ಸುಳ್ಳು ಯಾವುದೆಂದು ನಾವು ಕೇಳಿದಾಗ ಪಾಲಕರು ನಗುವರು. ಸುಳ್ಳಲ್ಲ, ಆದರೆ ಹುಡುಗಿಯ ಬಾಯಲ್ಲಿ ಒಪ್ಪುವದಿಲ್ಲವೆಂಬುದೇ ಅವರ ಅಭಿಪ್ರಾಯ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರೆಂಬ ಗಾದೆಯು ನಮ್ಮ ಜನರಿಗೆ ಚೆನ್ನಾಗಿ ಗೊತ್ತು. ಹೆಣ್ಣುಮಕ್ಕಳ ಪಾಲಿಗೆ ಆ ಒದೆತವು ಎರಡು ಪಟ್ಟಾಗಿ ಬರುವದು.

ನೇರವಾಗಿ ಮಾತನಾಡುವದನ್ನೇ ಉದ್ಯೋಗವಾಗಿ ಮಾಡಿಕೊಂಡ ಜನರು ಇದ್ದಾರೆ. ಅಮೇರಿಕ ದೇಶದಲ್ಲಿ ಪತ್ರಿಕೆಗಳಲ್ಲಿ ಆಟದ ಅಂಕಣವನ್ನು ಬರೆದು, ಅನಂತರ ದೂರದರ್ಶನದಲ್ಲಿ ಆಟಗಾರರ, ತರಬೇತಿದಾರರ, ತಂಡದ ಒಡೆಯರ ಗುಣದೋಷಗಳನ್ನು ಮುಚ್ಚುಮರೆಯಿಲ್ಲದೆ ಹೇಳುವವರ ಒಂದು ವರ್ಗವೇ ಬೆಳೆದಿದೆ. ಅವರಲ್ಲಿ ಹಿರಿಯನಾದ ಹೊವರ್ಡ್ ಕೊಸೆಲ್ಲನು ಮೊದಲು ವಕೀಲನಾಗಿದ್ದವನು. ಮುಷ್ಟಿಮಲ್ಲನಾದ ಮುಹಮ್ಮದ್ ಅಲಿಯು 1967ರಲ್ಲಿ ಸೈನ್ಯಕ್ಕೆ ಸೇರಲು ಒಪ್ಪದೆ ತನ್ನ ಪದವಿಯನ್ನು ಕಳೆದುಕೊಂಡಾಗ, ದೇಶದ ಬಹುಮತವು ವಿರುದ್ಧವಾಗಿದ್ದರೂ ಅವನ ಪರವಾಗಿ ನುಡಿದವರಲ್ಲಿ ಕೊಸೆಲ್ಲನೊಬ್ಬನು. ಅವನು 1995ರಲ್ಲಿ ತೀರಿಕೊಂಡನು.

ಇಂದಿನವರಲ್ಲಿ ಹೆಸರುವಾಸಿಯಾದವನು ಸ್ಟೀಫನ್ ಎ. ಸ್ಮಿತ್. 1967ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈತನು ವಿನ್ಸ್ಟನ್-ಸೇಲಂ ವಿದ್ಯಾಪೀಠದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದನು. ಆಗ ತನ್ನ ತರಬೇತಿದಾರರಾದ ಕ್ಲಾರೆನ್ಸ್ ಗೇನ್ಸ್‌ರವರು ಆರೋಗ್ಯದ ಕಾರಣದಿಂದ ನಿವೃತ್ತರಾಗುವದು ಲೇಸೆಂದು ವಿದ್ಯಾಪೀಠದ ಪತ್ರಿಕೆಯಲ್ಲಿಯೇ ಬರೆದನು. ಗೇನ್ಸ್‌ರವರು ಆ ದೇಶದಲ್ಲಿ ಬಹಳ ಮಾನ್ಯರಾದವರು. ಬರೆದವನಾದರೋ ಅವರದೇ ತಂಡದ ಹುಡುಗ. ಗುರುವಿಗೆ ಎದುರಾಗಿ ಬರೆದನೆಂದು ನಾವು ಇಲ್ಲಿ ಹುಬ್ಬೇರಿಸಬಹುದು. ಆದರೆ ಬೆನ್ನ ಹಿಂದೆ ಗುಸುಗುಸು ಮಾಡದೆ, ಹೆಸರು ಹಾಕಿ, ಕಾರಣ ಕೊಟ್ಟು ಬರೆದನೆಂಬುದನ್ನು ಗಮನಿಸತಕ್ಕದ್ದು. ಮುಂದೆ 1994ರಲ್ಲಿ ಫಿಲಡೆಲ್ಫಿಯಾದ ಇನ್ಕ್ವೈರರ್ ಪತ್ರಿಕೆಯನ್ನು ಸೇರಿ ಅಂಕಣಕಾರನಾದನು. ಇ.ಎಸ್.ಪಿ.ಎನ್. ದೂರದರ್ಶನ ಸಂಸ್ಥೆಯನ್ನು ಸೇರಿ, 2009ರಲ್ಲಿ ಅಲ್ಲಿಂದ ಹೊರಬಿದ್ದು, 2011ರಲ್ಲಿ ಮರಳಿ ಬಂದನು. 2012ರಿಂದ ಅಲ್ಲಿಯ ಬೆಳಗಿನ ವಾದವಿವಾದದ ಕಾರ್ಯಕ್ರಮದಲ್ಲಿ ಅವನ ಧ್ವನಿಯೇ ಮುಖ್ಯವಾಯಿತು.

ಹೀಗೆಂದ ಮಾತ್ರಕ್ಕೆ ಈ ಉದ್ಯೋಗವು ಸರ್ವಥಾ ಅನುಕರಣೀಯವೆಂದು ನಾವು ಹೇಳುವದಿಲ್ಲ. ದಿನದಿನವೂ ತೀಕ್ಷ್ಣವಾದ ಅಭಿಪ್ರಾಯವನ್ನು ಕೊಡಲೇಬೇಕೆಂಬ ಕಟ್ಟು ಬಿದ್ದರೆ, ನೇರ ನುಡಿಯು ಬರಿಯ ಗದ್ದಲವಾಗುವದಕ್ಕೆ ತಡವಾಗದು. 2014ರ ಜುಲೈ ತಿಂಗಳಲ್ಲಿ, ಒಬ್ಬ ಫುಟ್‌ಬಾಲ್ ಆಟಗಾರನು ತಾನು ಮದುವೆಯಾಗಬೇಕಾಗಿದ್ದ ಹೆಣ್ಣುಮಗಳನ್ನು ಹೊಡೆದ ಪ್ರಕರಣದ ಚರ್ಚೆಯಲ್ಲಿ, ಹೆಂಗಸರು ಗಂಡಸರನ್ನು ಕೆಣಕದಂತೆ ಇರಬೇಕೆಂಬ ಅರ್ಥ ಬರುವಂತೆ ಸ್ಮಿತ್ತನು ಮಾತನಾಡಿದನು. ಅದೇ ಸಂಸ್ಥೆಯಲ್ಲಿದ್ದ ಮಿಶೆಲ್ ಬೀಡ್ಲ್ ಎಂಬ ಮಹಿಳೆಯು ಸುಮ್ಮನಿರಲಿಲ್ಲ. ಬಹಿರಂಗವಾಗಿಯೇ ಅದನ್ನು ಖಂಡಿಸಿದಳು. ಸ್ಮಿತ್ತನು ಕ್ಷಮೆ ಬೇಡಿದನು. ಸಂಸ್ಥೆಯು ಅವನನ್ನು ಒಂದು ವಾರ ಕೆಲಸದಿಂದ ದೂರವಿಟ್ಟಿತು.

ಈ ಪ್ರಸಂಗವನ್ನು ನಾವು ಬೇಕೆಂದೇ ಹೇಳಿದೆವು. ಮಾತಿನಲ್ಲಿ ಅಷ್ಟು ಪಳಗಿದವನು ಎಡವಿದ್ದು ಹೆಣ್ಣುಮಕ್ಕಳ ವಿಷಯದಲ್ಲಿ. ಅವನನ್ನು ತಿದ್ದಿದ್ದು ಮಾತು ಬಲ್ಲ ಒಬ್ಬ ಹೆಣ್ಣುಮಗಳು. ಆಟದ ಮಾತೆಲ್ಲ ಗಂಡಸರ ಸ್ವತ್ತಾಗಿ ಉಳಿದರೆ, ಹೊಡೆತ ತಿಂದವಳ ಕಡೆಯ ಸಂಗತಿಯನ್ನು ಹೇಳುವವರಾರು? ಮಾತು ಬಾಳ ಕಲತಾಳೆಂದು ದೂರುವ ಪಾಲಕರು ಈ ಪ್ರಶ್ನೆಗೆ ಉತ್ತರ ಕೊಡಬೇಕು.

ಉದಾಹರಣೆಗಾಗಿ ಕಡಲು ದಾಟಬೇಕಾದದ್ದೂ ಇಲ್ಲ. ನಮ್ಮ ಕರ್ನಾಟಕದಲ್ಲಿ ಶಾಂತಾ ರಂಗಸ್ವಾಮಿಯವರು ಇದ್ದಾರೆ. 1954ರಲ್ಲಿ ಮದರಾಸಿನಲ್ಲಿ ಹುಟ್ಟಿ ಬೆಂಗಳೂರಿನವರಾದ ಇವರು ಭಾರತದ ಮಹಿಳಾ ಕ್ರಿಕೆಟ್ ತಂಡದ ಮೊದಲ ಟೆಸ್ಟ್ ನಾಯಕಿ. 1976ರಲ್ಲಿ ವೆಸ್ಟ್ ಇಂಡೀಸ್ ತಂಡವು ಬಂದಾಗ ಇವರ ಮುಂದಾಳುತನದಲ್ಲಿ ಭಾರತದ ಹೆಣ್ಣುಮಕ್ಕಳು ಪಾಟ್ನಾದಲ್ಲಿ ತಮ್ಮ ಮೊದಲ ಟೆಸ್ಟ್ ಗೆಲವನ್ನು ಪಡೆದರು. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡುನೆಡಿನ್ನಿನಲ್ಲಿ ಇವರು ಹೊಡೆದ 108 ಓಟಗಳು ಟೆಸ್ಟ್ ಆಟದಲ್ಲಿ ಭಾರತದ ಮಹಿಳೆಯೊಬ್ಬಳ ಮೊದಲ ಶತಕವು. ಅರ್ಜುನ ಪ್ರಶಸ್ತಿಯನ್ನು ಪಡೆದ ಮೊದಲ ಮಹಿಳಾ ಕ್ರಿಕೆಟ್ ಆಟಗಾರ್ತಿಯೂ ಇವರೇ.

ಆ ಕಾಲದಲ್ಲಿ ಮಹಿಳೆಯರ ಕ್ರಿಕೆಟ್ಟನ್ನು ನಡೆಸುತ್ತಿದ್ದದ್ದು 1973ರಲ್ಲಿ ಹುಟ್ಟಿದ ಪ್ರತ್ಯೇಕ ಸಂಘ. ಅದರ ಕೈಯಲ್ಲಿ ದುಡ್ಡಿರಲಿಲ್ಲ. ಆಟಗಾರ್ತಿಯರು ಕಾದಿರಿಸದ ರೈಲುಡಬ್ಬಿಗಳಲ್ಲಿ ಕುಳಿತು ಹೋಗುವರು; ವಸತಿಗೃಹದ ನೆಲದ ಮೇಲೆ ಮಲಗುವರು; ತಮ್ಮ ಹಾಸಿಗೆ ಸುರುಳಿಯನ್ನು ತಾವೇ ಹೊರುವರು. ಇದನ್ನು ಶಾಂತಾ ಅವರು ಅನೇಕ ಸಲ ಬಹಿರಂಗವಾಗಿ ಹೇಳಿದ್ದಾರೆ. ಅಳುಮೋರೆಯಿಂದ ಹೇಳಿದವರಲ್ಲ, ಹೀಗಿತ್ತು, ಇದು ಹೀಗಿರಬಾರದೆಂದು ಹೇಳಿದವರು. ಆಟದಿಂದ ನಿವೃತ್ತರಾದ ಮೇಲೆಯೂ ಕೆನರಾ ಬ್ಯಾಂಕಿನ ಅಧಿಕಾರಿಣಿಯಾಗಿದ್ದುಕೊಂಡು ಕ್ರಿಕೆಟ್ಟಿನ ಬಗ್ಗೆ ಬರೆಯುವದನ್ನೂ ನುಡಿಯುವದನ್ನೂ ಬಿಡಲಿಲ್ಲ. 2006ರಲ್ಲಿ ಮಹಿಳೆಯರ ಆಟವು ಭಾರತದ ಕ್ರಿಕೆಟ್ ಮಂಡಳಿಯ ಆಡಳಿತಕ್ಕೆ ಬಂತು. 2017ರಲ್ಲಿ ಆ ಮಂಡಳಿಯು ಮಹಿಳೆಯರಿಗಾಗಿ ಇಟ್ಟ ಜೀವಮಾನ ಸಾಧನೆಯ ಪ್ರಶಸ್ತಿಯನ್ನು ಮೊದಲು ಇವರಿಗೇ ಕೊಟ್ಟಿತು. 2019ರಲ್ಲಿ ಆಟಗಾರರ ಸಂಘದ ಪ್ರತಿನಿಧಿಯಾಗಿ ಮಂಡಳಿಯ ಉನ್ನತ ಸಮಿತಿಯಲ್ಲಿ ಇವರು ಕುಳಿತರು. 2022ರ ಅಕ್ಟೋಬರದಲ್ಲಿ ಪಂದ್ಯದ ಸಂಭಾವನೆಯು ಗಂಡಸರಿಗೂ ಹೆಂಗಸರಿಗೂ ಒಂದೇ ಎಂದು ಗೊತ್ತಾಯಿತು: ಟೆಸ್ಟಿಗೆ 15 ಲಕ್ಷ, ಒಂದು ದಿನದ ಪಂದ್ಯಕ್ಕೆ 6 ಲಕ್ಷ, ಇಪ್ಪತ್ತು ಓವರಿನ ಪಂದ್ಯಕ್ಕೆ 3 ಲಕ್ಷ ರೂಪಾಯಿ. ಇದೆಲ್ಲವೂ ಮಾತಿನಿಂದಲೇ ಆಯಿತೆಂದರೆ ಅತಿಶಯೋಕ್ತಿಯಾದೀತು. ಆದರೆ ಮೌನದಿಂದಂತೂ ಆಗಲಿಲ್ಲ.

2025ರ ನವೆಂಬರ 2ರಂದು ನವಿ ಮುಂಬಯಿಯಲ್ಲಿ ಭಾರತದ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕವನ್ನು 52 ಓಟಗಳಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದರು. ದೇಶವೆಲ್ಲ ಹಿಗ್ಗಿನಲ್ಲಿ ಮುಳುಗಿತ್ತು. ಆ ಹಿಗ್ಗು ಆರುವ ಮೊದಲೇ ಶಾಂತಾ ರಂಗಸ್ವಾಮಿಯವರು, ಗೆದ್ದ ನಾಯಕಿಯಾದ ಹರ್ಮನ್‌ಪ್ರೀತ ಕೌರ್ ಅವರು ಇನ್ನು ಮುಂದಾಳುತನದ ಭಾರವನ್ನು ಇಳಿಸಿ ಅದನ್ನು ಸ್ಮೃತಿ ಮಂಧಾನಾ ಅವರಿಗೆ ವಹಿಸುವದು ತಂಡಕ್ಕೂ ಸ್ವತಃ ಹರ್ಮನ್‌ಪ್ರೀತ ಅವರ ಬ್ಯಾಟಿಗೂ ಒಳ್ಳೆಯದೆಂದು ಹೇಳಿದರು. ಹೊತ್ತು ಗೊತ್ತಿಲ್ಲದ ಮಾತೆಂದು ಅನೇಕರು ಆಕ್ಷೇಪಿಸಿದರು. ಆ ಸಲಹೆಯು ಸರಿಯೋ ತಪ್ಪೋ ಎಂಬುದನ್ನು ಕ್ರಿಕೆಟ್ ಬಲ್ಲವರು ನಿರ್ಣಯಿಸಲಿ. ನಮ್ಮ ಮನಸ್ಸಿನಲ್ಲಿ ನಿಂತದ್ದು ಬೇರೆ. ಒಬ್ಬ ಹಿರಿಯ ಮಹಿಳೆಯು ಕಿರಿಯ ಮಹಿಳೆಯ ಆಟವನ್ನು, ಪಾಪ ಹುಡುಗಿಯರು ಗೆದ್ದರಲ್ಲ ಎಂಬ ಕನಿಕರದಿಂದ ನೋಡದೆ, ನಿಜವಾದ ಆಟವೆಂದು ಎಣಿಸಿ ತೂಗಿ ನೋಡಿದಳು. ಗಂಡಸರ ತಂಡದ ನಾಯಕನ ವಿಷಯದಲ್ಲಿ ಇಂಥ ಮಾತು ದಿನಕ್ಕೆ ಹತ್ತು ಬರುವವು, ಯಾರೂ ಬೆರಗಾಗುವದಿಲ್ಲ. ವಿಮರ್ಶೆಯೂ ಒಂದು ಬಗೆಯ ಮರ್ಯಾದೆ. ಬರಿಯ ಹೊಗಳಿಕೆಯಿಂದ ಬೆಳೆದ ಆಟವನ್ನು ನಾವು ಕಂಡಿಲ್ಲ.

ಹಾಗಾದರೆ ಬಾಯಿಗೆ ಬಂದದ್ದನ್ನೆಲ್ಲ ಆಡಬಹುದೋ? ಇಲ್ಲ. ಇಳಕಲ್ಲದ ಪಾಲಕರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಕೂಡಿಸಿದ ಕಡೆ ಒಂದೆಳೆ ತಪ್ಪಿದ್ದರೆ, ಮಗ್ಗದ ಮುಂದೆ ಕುಳಿತು ಬಲ್ಲವರು ಬೆರಳಾಡಿಸಿ ತೋರಿಸುವರು, ನೇಕಾರನೂ ಒಪ್ಪುವನು. ಕಂಡಿಕೆ ಸುತ್ತಿಯೂ ಅರಿಯದವರು ಅಂಗಡಿಯ ಕಟ್ಟೆಯ ಮೇಲೆ ನಿಂತು ಸೀರೆ ಚೆನ್ನಾಗಿಲ್ಲವೆಂದರೆ ಯಾರು ಕಿವಿಗೊಡುವರು? ಜಾತ್ರೆಯ ಕುಸ್ತಿಯಲ್ಲಿಯೂ ಹಾಗೆಯೇ. ಸುತ್ತಲೂ ನಿಂತ ಸಾವಿರ ಜನರು ಕೂಗುವರು. ಆದರೆ ಗರಡಿಯ ಮಣ್ಣನ್ನು ಮೈಗೆ ಬಳಿದುಕೊಂಡ ಹಿರಿಯನೊಬ್ಬನು ಪಟ್ಟು ಸಡಿಲಾಯಿತೆಂದರೆ ಪೈಲವಾನನು ತಿರುಗಿ ನೋಡುವನು. ಮಾತಿನ ಅಧಿಕಾರವು ಕೆಲಸದ ತಿಳಿವಳಿಕೆಯಿಂದ ಬರುವದು. ಆದುದರಿಂದಲೇ ನಮ್ಮ ಹುಡುಗಿಯರು ಮೊದಲು ಆಡಬೇಕು, ನಿಯಮದ ಪುಸ್ತಕವನ್ನು ಓದಬೇಕು, ಅಂಕಗಳನ್ನು ಬರೆದಿಡಬೇಕು, ಅನಂತರ ಮಾತನಾಡಬೇಕು. ತನ್ನ ತಂಡದ ತಪ್ಪನ್ನೂ ಎದುರಾಳಿಯ ತಪ್ಪಿನಷ್ಟೇ ಸ್ಪಷ್ಟವಾಗಿ ಹೇಳಬೇಕು. ಆಟವನ್ನು ಬೈಯಬಹುದು, ಆಡಿದವಳ ಬಣ್ಣ, ಜಾತಿ, ಮನೆತನಗಳನ್ನು ಎತ್ತಲಾಗದು. ಹೇಳಿದ ಮಾತಿನ ಕೆಳಗೆ ತನ್ನ ಹೆಸರನ್ನು ಹಾಕಲು ಅಂಜಬಾರದು. ಇಷ್ಟನ್ನು ಪಾಲಿಸಿದ ನುಡಿಗೆ ಉದ್ಧಟತನವೆಂಬ ಹೆಸರು ಸಲ್ಲದು.

ನಾಲಿಗೆ ಉದ್ದವಾದ ಹುಡುಗಿಗೆ ವರ ಸಿಕ್ಕೀತೇ ಎಂಬುದು ತಾಯಂದಿರ ಅಂಜಿಕೆ. ಈ ಅಂಜಿಕೆಯನ್ನು ನಾವು ಹಗುರಾಗಿ ಕಾಣುವದಿಲ್ಲ. ಊರಲ್ಲಿ ಬಾಳಬೇಕಾದವರು ಊರ ಬಾಯಿಗೆ ಅಂಜುವದು ಸಹಜ. ಆದರೆ ತಾಯಂದಿರು ಒಂದು ಸಂಗತಿಯನ್ನು ಯೋಚಿಸಲಿ. ಪಂದ್ಯದ ತೀರ್ಪು ತಪ್ಪಾಯಿತೆಂದು ಸಮಾಧಾನದಿಂದ, ಕಾರಣ ಸಹಿತವಾಗಿ ಹೇಳಲು ಕಲಿತ ಹುಡುಗಿಯೇ ನಾಳೆ ಸಂಬಳದ ಕಾಗದದಲ್ಲಿ ತಪ್ಪಿದ್ದರೆ ಹೇಳುವಳು. ಆಸ್ತಿಯ ಪತ್ರಕ್ಕೆ ಓದದೆ ಹೆಬ್ಬೆಟ್ಟು ಒತ್ತಲಾರಳು. ಹದಿನೆಂಟು ತುಂಬುವ ಮೊದಲು ಮದುವೆಯ ಮಾತು ಬಂದರೆ ಬೇಡವೆನ್ನುವಳು. ಮನೆಯಲ್ಲಿ ಕೈ ಎತ್ತಿದವನಿಗೆ ಎದುರಾಗಿ ಸಾಕ್ಷಿ ನುಡಿಯುವಳು. ಬಾಯಿಲ್ಲದ ಮಗಳನ್ನು ಬಯಸುವ ಮನೆಯು ಆಕೆಗೆ ಎಂಥ ಮನೆಯಾದೀತೆಂಬುದನ್ನು ಹೆತ್ತವರೇ ಮೊದಲು ಕೇಳಿಕೊಳ್ಳತಕ್ಕದ್ದು.

ಆಟದ ಮಾತಿನಿಂದ ಓದು ಕೆಡುವದೆಂಬುದು ತಂದೆಗಳ ಆಕ್ಷೇಪ. ಒಂದು ಪಂದ್ಯವನ್ನು ನೋಡಿ ಮೂವತ್ತು ಸಾಲುಗಳಲ್ಲಿ ಅದರ ವರದಿಯನ್ನು ಬರೆಯಲು ನಿಮ್ಮ ಮಗಳಿಗೆ ಹೇಳಿರಿ. ಯಾವುದು ಮೊದಲು, ಯಾವುದು ಕಡೆಗೆ, ಯಾವುದು ಕಾರಣ, ಯಾವುದು ಫಲವೆಂಬುದನ್ನು ಅವಳು ವಿಂಗಡಿಸಬೇಕಾಗುವದು. ಶುದ್ಧವಾದ ಕನ್ನಡದ ವಾಕ್ಯಗಳನ್ನು ಕಟ್ಟಬೇಕಾಗುವದು. ಹಬ್ಬದ ಪ್ರಬಂಧವನ್ನು ಬಾಯಿಪಾಠ ಮಾಡಿ ಒಪ್ಪಿಸುವದರಲ್ಲಿ ಈ ಲಾಭವಿಲ್ಲ.

ಆದುದರಿಂದ ನಮ್ಮ ಸೂಚನೆಯೊಂದಿದೆ. ಬರುವ ವರ್ಷದ ಸಂಚಿಕೆಯಲ್ಲಿ ಕ್ರೀಡಾ ವರದಿಯನ್ನು ಶಿಕ್ಷಕಿಯರು ಬರೆಯತಕ್ಕದ್ದಲ್ಲ. ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಹುಡುಗಿಯರೇ ಬರೆಯಲಿ. ಗೆದ್ದದ್ದನ್ನು ಮಾತ್ರವಲ್ಲ, ಸೋತದ್ದನ್ನೂ ಅದರ ಕಾರಣವನ್ನೂ ಬರೆಯಲಿ. ಮೈದಾನದಲ್ಲಿ ಕಲ್ಲು ಹೆಚ್ಚಾಗಿದ್ದರೆ ಹಾಗೆಂದು ಬರೆಯಲಿ. ಅಭ್ಯಾಸಕ್ಕೆ ಸಮಯ ಸಾಲದಾಗಿದ್ದರೆ, ಅದು ಈ ಲೇಖನದ ಕೆಳಗೆ ಹೆಸರು ಹಾಕಿದವರ ಕಡೆಗೇ ಬೆರಳು ಮಾಡಿದರೂ ಸರಿ, ಬರೆಯಲಿ. ನಾವು ಕಾಗುಣಿತವನ್ನು ತಿದ್ದುವೆವು, ಅಭಿಪ್ರಾಯವನ್ನು ತಿದ್ದುವದಿಲ್ಲ. ವಾರ್ಷಿಕ ಕ್ರೀಡಾ ದಿನದಂದು ಧ್ವನಿವರ್ಧಕದ ಮುಂದೆ ನಿಂತು ಆಟವನ್ನು ವಿವರಿಸುವ ಕೆಲಸವನ್ನೂ ಹುಡುಗಿಯರಿಗೇ ಬಿಡುವೆವು.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಬೇಡಿಕೆ ಇಷ್ಟೇ. ನಿಮ್ಮಲ್ಲಿ ಆಡಿದವರು ಅನೇಕರಿದ್ದೀರಿ. ಆಡಿ, ಮದುವೆಯಾಗಿ, ಬೂಟುಗಳನ್ನು ಅಟ್ಟಕ್ಕೆ ಹಾಕಿದವರೂ ಇದ್ದೀರಿ. ಆ ದಿನಗಳಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ, ಯಾರು ತಡೆದರು, ಯಾರು ಕಳಿಸಿದರು ಎಂಬುದನ್ನು ಬರೆದು ಕಳಿಸಿರಿ. ಪಾಲಕರಲ್ಲಿ ಇನ್ನೂ ಸಣ್ಣ ಬೇಡಿಕೆ. ಮುಂದಿನ ಸಲ ಮಗಳು ಪಂದ್ಯದಿಂದ ಮನೆಗೆ ಬಂದು, ಇಂಥದ್ದು ತಪ್ಪಾಯಿತೆಂದು ಹೇಳಹೊರಟರೆ, ಸುಮ್ಮನಿರೆಂದು ಗದರಿಸಬೇಡಿರಿ. ಏನಾಯಿತೆಂದು ಕೇಳಿರಿ, ನೀನು ಕಣ್ಣಾರೆ ಕಂಡೆಯೋ ಎಂದು ಕೇಳಿರಿ, ನಿನ್ನ ತಂಡದ ತಪ್ಪೇನೆಂದೂ ಕೇಳಿರಿ. ಮೂರಕ್ಕೂ ಅವಳು ಉತ್ತರ ಕೊಟ್ಟರೆ, ಅವಳ ಮಾತನ್ನು ಪೂರಾ ಕೇಳಿದ ಮೇಲೆಯೇ ಊಟಕ್ಕೆ ಏಳಿರಿ.