ಹನ್ನೊಂದು ಎಲೆಯ ಊರು

ಪ್ರವಾಸಕ್ಕೆ ಹೊರಡುವವರಲ್ಲಿ ಹಲವು ಬಗೆಯವರಿದ್ದಾರೆ. ದೇವರ ದರ್ಶನಕ್ಕೆಂದು ಹೋಗುವವರು ಕೆಲವರಾದರೆ, ದೇಗುಲದ ಶಿಲ್ಪವನ್ನು ನೋಡಲು ಹೋಗುವವರು ಕೆಲವರು. ಬೆಟ್ಟವನ್ನೋ ಕಡಲನ್ನೋ ಅರಸಿ ಹೋಗುವವರು ಮತ್ತೆ ಕೆಲವರು. ಇವರೆಲ್ಲರೂ ಹಸಿವಾದಾಗ ಊಟವನ್ನು ಹುಡುಕುತ್ತಾರೆ. ಊಟವನ್ನು ಹುಡುಕಿಕೊಂಡೇ ಹೊರಟು, ಬಿಡುವಾದಾಗ ದೇಗುಲವನ್ನೋ ಬೆಟ್ಟವನ್ನೋ ನೋಡಿಬರುವವರದು ಇನ್ನೊಂದು ವರ್ಗ. ಇವರನ್ನು ಹೊಟ್ಟೆಬಾಕರೆಂದು ಹಳಿಯುವುದು ನ್ಯಾಯವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ರಾಜಭೋಗಗಳನ್ನು ವರ್ಣಿಸುವಾಗ ಅನ್ನಭೋಗಕ್ಕೂ ಸ್ಥಾನ ಕೊಟ್ಟನು, ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಕನ್ನಡ ಪದ್ಯದಲ್ಲಿಯೇ ಬರೆದನು. ಇಂಥ ಹಿರಿಯರ ವಂಶದವರು ತಿಂಡಿಗಾಗಿ ಟಿಕೆಟು ಕೊಂಡರೆ ಆಶ್ಚರ್ಯವೇನು?

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇಂಥ ಭೋಜನಪ್ರಿಯರ ತಂಡ ಒಂದಾದರೂ ಇದ್ದೇ ಇರುತ್ತದೆ. ಹನ್ನೊಂದು ಮಂದಿಯ ಅಂಥದೊಂದು ತಂಡ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಯಾವುದಾದರೊಂದು ಹೊಟೆಲಿನಲ್ಲಿ ಸೇರುವುದು, ತಿನ್ನುವುದು, ತಿಂದುದನ್ನು ಕುರಿತು ಮುಂದಿನ ತಿಂಗಳವರೆಗೂ ಮಾತನಾಡುವುದು, ಇದು ಅವರ ನೇಮ. ಸರ್ಕಾರಿ ಕಛೇರಿಯಿಂದ ನಿವೃತ್ತರಾದ ರಾಯರು ತಂಡದ ಹಿರಿಯರು. ಸಾರಿನ ಪುಡಿಯಲ್ಲಿ ಕೊತ್ತಂಬರಿ ಹದ ಮೀರಿ ಹುರಿದಿದೆಯೆಂದು ವಾಸನೆಯಿಂದಲೇ ಹೇಳಬಲ್ಲವರು. ಉಳಿದವರಿಗೆ ನಾಲಗೆಯ ಸಂಸ್ಕಾರ ಕೊಟ್ಟವರೂ ಅವರೇ.

ಈ ತಂಡಕ್ಕೆ ಒಂದು ಸಂಕ್ರಾಂತಿಯ ಹೊತ್ತಿಗೆ ಮೂರು ದಿನ ಪರಸ್ಥಳಕ್ಕೆ ಹೋಗಿ, ಅಲ್ಲಿಯ ರುಚಿಯನ್ನು ಅಲ್ಲಿಯೇ ಸವಿಯಬೇಕೆಂಬ ಆಸೆ ಹುಟ್ಟಿತು. ಆಸೆ ಹುಟ್ಟುವುದು ಸುಲಭ. ಊರನ್ನು ಆರಿಸುವುದು ಕಷ್ಟ. ತಂಡದ ಕಿರಿಯನಾದ ಎಂಜಿನಿಯರು ಲಖ್ನೋ ಎಂದನು. ಗಲೌಟಿ ಕಬಾಬಿನ ಊರು. 2025ರಲ್ಲಿ ಯುನೆಸ್ಕೋ ಸಂಸ್ಥೆ ಪಾಕಕಲೆಯ ನಗರವೆಂದು ಮನ್ನಣೆಯಿತ್ತ ಊರು. ಆದರೆ ರೈಲಿನಲ್ಲಿ ಹೋಗಿಬರುವುದಕ್ಕೇ ಮೂರು ದಿನ ಸಾಲದು. ತಂಡದ ನಾಲ್ವರು ಸಸ್ಯಾಹಾರಿಗಳು ಕಬಾಬಿನ ಹೊಗೆಯನ್ನು ಆಘ್ರಾಣಿಸಿ ಬರಬೇಕಾದೀತು. ಹೈದರಾಬಾದು ಎಂದರು ಬ್ಯಾಂಕಿನವರೊಬ್ಬರು. ಅದಕ್ಕೆ ಅದೇ ಮನ್ನಣೆ 2019ರಲ್ಲಿಯೇ ದೊರೆತಿತ್ತು. ಆದರೆ ಅಲ್ಲಿಯ ಹಲೀಮಿಗೆ ನಿಜವಾದ ಕಾಲ ರಂಜಾನ್ ಮಾಸ. ಚಾಂದ್ರಮಾನದ ಆ ಮಾಸ ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಬೆಂಗಳೂರಿನವರ ರಜೆಗಾಗಿ ಕಾಯುವುದಿಲ್ಲ.

ಕೊನೆಗೆ ಎಲ್ಲರ ಮನಸ್ಸು ಇಂದೂರಿನ ಕಡೆಗೆ ಹೊರಳಿತು. ಅಲ್ಲಿಯ ಸರಾಫಾ ಬಜಾರಿನಲ್ಲಿ ಹಗಲೆಲ್ಲ ಚಿನ್ನ ಬೆಳ್ಳಿಯ ವ್ಯಾಪಾರ. ರಾತ್ರಿ ಆಭರಣದ ಅಂಗಡಿಗಳು ಮುಚ್ಚಿದ ಮೇಲೆ ಅದೇ ಬೀದಿಯಲ್ಲಿ ಬಾಣಲೆಗಳು ಒಲೆಯೇರುತ್ತವೆ. ನಡುರಾತ್ರಿ ಕಳೆದರೂ ಜನ ಕರಗುವುದಿಲ್ಲ. ಎಳೆಯ ಮೆಕ್ಕೆಜೋಳದ ತೆನೆಯನ್ನು ತುರಿದು, ಹಾಲು ಮಸಾಲೆಗಳೊಡನೆ ಬೇಯಿಸಿದ ಭುಟ್ಟೆ ಕಾ ಕೀಸ್. ಚಳಿಗಾಲದಲ್ಲಿ ಮಾತ್ರ ಸಿಗುವ, ಎಣ್ಣೆಯಲ್ಲಿ ಕರಿದ ಗರಾಡು ಗೆಡ್ಡೆ. ಬೆಳಗಾದರೆ ಅವಲಕ್ಕಿಯೊಡನೆ ಜಿಲೇಬಿ. ಬಹುಮಟ್ಟಿಗೆ ಎಲ್ಲವೂ ಸಸ್ಯಾಹಾರ. ಮೇಲಾಗಿ, ರಾಷ್ಟ್ರದ ಸ್ವಚ್ಛತಾ ಸಮೀಕ್ಷೆಯಲ್ಲಿ 2017ರಿಂದ ಮೊದಲ್ಗೊಂಡು ಹಲವು ವರ್ಷ ಮೊದಲ ಸ್ಥಾನದಲ್ಲಿ ನಿಂತ ನಗರ. ಬೀದಿಯಲ್ಲಿ ನಿಂತು ತಿನ್ನುವವರಿಗೆ ಇದಕ್ಕಿಂತ ದೊಡ್ಡ ಅಭಯವುಂಟೆ? ಕೈ ಎತ್ತಲು ಹೇಳಿದಾಗ ಹನ್ನೊಂದು ಕೈಗಳೂ ಮೇಲಕ್ಕೆದ್ದವು.

ತಂಡದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು ಶಾಲೆಯೊಂದರ ಉಪಾಧ್ಯಾಯಿನಿ. ಟಿಕೆಟಿಗಾಗಿ ಒಬ್ಬೊಬ್ಬರ ಹೆಸರನ್ನೂ ವಯಸ್ಸನ್ನೂ ಬರೆದುಕೊಳ್ಳುತ್ತ ಬಂದು ರಾಯರ ಮುಂದೆ ನಿಂತರು.

“ಹತ್ತೇ ಟಿಕೆಟು ಸಾಕಮ್ಮ” ಎಂದರು ರಾಯರು.

“ತಾವೂ ಕೈ ಎತ್ತಿದಿರಲ್ಲ, ರಾಯರೇ!”

“ಊರು ಚೆನ್ನಾಗಿದೆಯೆಂದು ಎತ್ತಿದೆ. ಸಕ್ಕರೆ ಕಾಯಿಲೆಯವನು ನಾನು. ಎಂಟು ಗಂಟೆಗೆ ಊಟ, ಔಷಧಿ, ಒಂಬತ್ತಕ್ಕೆ ನಿದ್ರೆ. ನಿಮ್ಮ ಸರಾಫಾದಲ್ಲಿ ಒಲೆ ಹತ್ತುವ ಹೊತ್ತಿಗೆ ನನ್ನ ದೀಪ ಆರಿರುತ್ತದೆ. ನೀವು ಹೋಗಿಬಂದು ಹೇಳಿ, ಕೇಳಿಯೇ ತೃಪ್ತಿಪಡುತ್ತೇನೆ.”

ಅವರು ನಗುತ್ತಲೇ ಹೇಳಿದರು. ಆದರೆ ಉಪಾಧ್ಯಾಯಿನಿಯವರ ಲೇಖನಿ ಮುಂದೆ ಸಾಗಲಿಲ್ಲ. ಊಟ ಕಲಿಸಿದವರನ್ನೇ ಎಲೆಯಿಂದ ಎಬ್ಬಿಸಿದಂತಾಯಿತಲ್ಲ ಎಂಬ ಭಾವ ಎಲ್ಲರ ಮುಖದಲ್ಲಿಯೂ ಸುಳಿಯಿತು.

“ಹಾಗೆಂದು ಹತ್ತು ಮಂದಿ ಪಥ್ಯದ ಊಟಕ್ಕಾಗಿ ಪ್ರವಾಸ ಹೋಗುವುದಕ್ಕಾಗುತ್ತದೆಯೇ?” ಎಂದು ಎಂಜಿನಿಯರು ಕೇಳಿಯೇಬಿಟ್ಟನು. ಮಾತು ಒರಟಾಗಿದ್ದರೂ ಸುಳ್ಳಾಗಿರಲಿಲ್ಲ. ರಾಯರೇ ತಲೆದೂಗಿ, “ಅವನು ಹೇಳುವುದು ಸರಿ” ಎಂದರು.

“ಪಥ್ಯದ ಊರು ಬೇಡ” ಎಂದರು ಉಪಾಧ್ಯಾಯಿನಿ. “ಹತ್ತು ಮಂದಿಗೆ ಹಬ್ಬವಾಗಬೇಕು, ಹನ್ನೊಂದನೆಯವರಿಗೆ ಅಪಾಯವಾಗಬಾರದು. ಅಂಥ ಊರು ಇಲ್ಲವೆಂದು ಗೊತ್ತಾದ ಮೇಲೆ ಇಂದೂರಿಗೆ ಹೋದರಾಯಿತು.”

ಪ್ರಶ್ನೆ ಬದಲಾದೊಡನೆ ಉತ್ತರದ ದಿಕ್ಕೂ ಬದಲಾಯಿತು. ಅದುವರೆಗೆ ಎಲ್ಲರೂ ಊರನ್ನು ಅದರ ಅತ್ಯಂತ ಪ್ರಸಿದ್ಧವಾದ ತಿನಿಸಿನಿಂದ ಅಳೆಯುತ್ತಿದ್ದರು. ಪ್ರಸಿದ್ಧ ತಿನಿಸು ಹೊಟ್ಟೆಯಲ್ಲಿ ಎಷ್ಟು ಜಾಗ ಹಿಡಿಯಬಲ್ಲದು? ಮೂರು ದಿನವೆಂದರೆ ಮೂರು ಬೆಳಗಿನ ಉಪಾಹಾರ, ಮೂರು ಮಧ್ಯಾಹ್ನ, ಮೂರು ರಾತ್ರಿ. ಸಂಜೆಯದನ್ನೂ ಸೇರಿಸಿದರೆ ಹನ್ನೆರಡು ಹೊತ್ತು. ದಾವಣಗೆರೆಯ ಬೆಣ್ಣೆ ದೋಸೆ ಅಮೃತವೇ ಸರಿ. ಆದರೆ ಅದು ಒಂದು ಬೆಳಗಿನ ಅಮೃತ. ಉಳಿದ ಹನ್ನೊಂದು ಹೊತ್ತೂ ಬೆಣ್ಣೆಯನ್ನೇ ನಂಬಲಾಗದು. ಉಡುಪಿಯೋ? ಅದರ ರುಚಿ ಬೆಂಗಳೂರಿಗೆ ಹೊಸದಲ್ಲ. 1924ರಲ್ಲಿ ಮಾವಳ್ಳಿಯ ಹೆಸರಾಂತ ಟಿಫನ್ ರೂಮನ್ನು ತೆರೆದವರೂ ಆ ಸೀಮೆಯಿಂದ ಬಂದವರೇ. ದಿನವೂ ಮನೆಬಾಗಿಲಲ್ಲಿ ಸಿಗುವುದಕ್ಕಾಗಿ ಘಟ್ಟ ಇಳಿಯಬೇಕೆ? ಆರಿಸಬೇಕಾದ ಊರಿನ ದಿನನಿತ್ಯದ ಊಟವೇ ಬೇರೆಯಾಗಿರಬೇಕು. ಹಬ್ಬದ ತಿನಿಸು ಅದರ ಮೇಲಿನ ಅಲಂಕಾರ.

“ಹಾಗಾದರೆ ಧಾರವಾಡ” ಎಂದರು ಬ್ಯಾಂಕಿನವರು. ಅವರು ಅಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದರು. ಅಕ್ಕಿಯ ಊರಿನವರಿಗೆ ಜೋಳದ ಊಟಕ್ಕಿಂತ ಬೇರೆಯಾದ ಊಟ ಯಾವುದು? ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಬೇಕಾದವರಿಗೆ ಕಟಕು ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬದಿಯಲ್ಲಿ ಹಸಿ ಮೆಂತ್ಯದ ಸೊಪ್ಪು, ಮೂಲಂಗಿ, ಗಟ್ಟಿ ಮೊಸರು. ರಾಯರ ವೈದ್ಯರು ಮಿತವಾಗಿ ತಿನ್ನಲು ಹೇಳಿದ್ದೂ ಬಹುಮಟ್ಟಿಗೆ ಇವನ್ನೇ. ಅನ್ನವನ್ನು ಬಿಟ್ಟೆದ್ದರೂ ಊಟ ಅಪೂರ್ಣವೆನಿಸದು. ಮಾಂಸಾಹಾರಿಗಳಿಗೆ ಸುಮಾರು 20 ಕಿಲೋಮೀಟರು ದೂರದ ಹುಬ್ಬಳ್ಳಿಯಲ್ಲಿ ಸಾವಜಿ ಊಟ. ಅದರ ಖಾರಕ್ಕೆ ಎಂಜಿನಿಯರೂ ಕಣ್ಣೀರು ಸುರಿಸಬೇಕು. ಸಂಜೆಗೆ ಗಿರ್ಮಿಟ್ಟು, ಮಿರ್ಚಿ ಭಜಿ. ಸಿಹಿಗೆ ಪೇಡೆ. ಉನ್ನಾವಿನಿಂದ ಬಂದು ನೆಲೆಸಿದ ಠಾಕೂರರ ಮನೆತನ ಬೆಳೆಸಿದ ಆ ಪೇಡೆಗೆ ಖೋವೆಯನ್ನು ಕಂದುಬಣ್ಣ ಬರುವವರೆಗೆ ಮಗುಚುತ್ತಲೇ ಇರಬೇಕು. ಆ ತಾಳ್ಮೆಯೇ ಅದರ ರುಚಿ.

ಕಾಲವೂ ಕೂಡಿಬಂದಿತ್ತು. ಸಂಕ್ರಾಂತಿಯ ಆಸುಪಾಸು ಆ ಸೀಮೆಯಲ್ಲಿ ಸೀತನಿಯ ಕಾಲ. ಹಾಲುಗಾಳಿನ ಜೋಳದ ತೆನೆಯನ್ನು ಹೊಲದಲ್ಲಿಯೇ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟನ್ನು ಊದಿ, ಬಿಸಿಬಿಸಿಯಾಗಿ ಬಾಯಿಗೆ ಹಾಕಿಕೊಳ್ಳಬೇಕು. ಇದನ್ನು ಬೆಂಗಳೂರಿಗೆ ಕಟ್ಟಿ ತರಲಾಗದು. ಕಾಳು ಬಲಿತರೆ ಅದು ಸೀತನಿಯಲ್ಲ, ಬರಿಯ ಜೋಳ. ಪ್ರಯಾಣವೂ ಸುಲಭ. ಬೆಂಗಳೂರಿನಿಂದ ಧಾರವಾಡಕ್ಕೆ ರಾತ್ರಿಯ ರೈಲುಗಳಿವೆ. 2023ರಿಂದ ಹಗಲಿನ ವಂದೇ ಭಾರತ್ ರೈಲೂ ಇದೆ.

ಇಷ್ಟಾದರೂ ಎಲ್ಲರ ಆಸೆಯೂ ತೀರಿತೆಂದು ಹೇಳಲಾಗದು. ಸರಾಫಾದ ದೀಪಗಳನ್ನು ಕಣ್ಣಿನಲ್ಲಿ ತುಂಬಿಕೊಂಡಿದ್ದವರಿಗೆ ಸಣ್ಣದೊಂದು ನಿಟ್ಟುಸಿರು ಉಳಿಯಿತು. ಇಂದೂರು ಎಲ್ಲಿಗೂ ಓಡಿಹೋಗದು. ರಾಯರೊಡನೆ ಕುಳಿತು ಉಣ್ಣುವ ದಿನಗಳಾದರೆ ಎಣಿಕೆಯವು. ಈ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಎಂಜಿನಿಯರು ಮಾತ್ರ ಉಪಾಧ್ಯಾಯಿನಿಯವರ ಪುಸ್ತಕವನ್ನು ತೆಗೆದುಕೊಂಡು, ಹನ್ನೊಂದನೆಯ ಹೆಸರನ್ನು ತಾನೇ ಬರೆದನು.

ಧಾರವಾಡದ ಖಾನಾವಳಿಯಲ್ಲಿ ಮೊದಲ ಮಧ್ಯಾಹ್ನ. ಬಾಳೆಯೆಲೆಗಳಲ್ಲ, ಸ್ಟೀಲಿನ ತಟ್ಟೆಗಳು. ಆದರೆ ಸಾಲಿನಲ್ಲಿ ಹನ್ನೊಂದು. ಒಳಗಿನಿಂದ ರೊಟ್ಟಿ ತಟ್ಟುವ ಸದ್ದು ಬರುತ್ತಲೇ ಇತ್ತು. ಬಡಿಸುವ ತಾಯಿ ರಾಯರ ಮುಂದೆ ನಿಂತು, “ಬಿಸಿ ರೊಟ್ಟಿ ಅದಾವ್ರಿ, ಇನ್ನೊಂದು ಹಾಕ್ಲೇನ್ರಿ?” ಎಂದಳು.

ರಾಯರು ಉಪಾಧ್ಯಾಯಿನಿಯವರತ್ತ ನೋಡಿದರು. ಅವರು ಬೇಕೆಂದೇ ಎಣ್ಣೆಗಾಯಿಯತ್ತ ಮುಖ ತಿರುಗಿಸಿದರು.

“ಅರ್ಧ ಹಾಕಮ್ಮ” ಎಂದರು ರಾಯರು. ಊಟವಾದ ಮೇಲೆ ಬಂದ ಪೇಡೆಯನ್ನೂ ಅರ್ಧಕ್ಕೆ ಮುರಿದು, ಒಂದು ಭಾಗವನ್ನು ಪಕ್ಕದಲ್ಲಿದ್ದ ಎಂಜಿನಿಯರಿನ ತಟ್ಟೆಯಲ್ಲಿಟ್ಟರು. ಸಾವಜಿಯ ಖಾರಕ್ಕೆ ರಾತ್ರಿ ಅಳಬೇಕಾಗಿದ್ದವನು ಮಧ್ಯಾಹ್ನವೇ ಯಾಕೋ ಕಣ್ಣೊರೆಸಿಕೊಂಡನು.